ಮೂವತ್ತೆರಡು ತಿರುವು

ನೀರಪ್ಪನ ಕಥೆ ಹೇಳುವ ಮೊದಲು ಅವನ ಕೀಲಿಯ ಕಥೆ ಹೇಳಬೇಕು. ಬೀಗದ ಕೀಲಿಯಲ್ಲ, ನೀರಿನ ಕೀಲಿ. ಎದೆಯೆತ್ತರದ ಕಬ್ಬಿಣದ ಸರಳು. ಮೇಲೆ ಅಡ್ಡಕ್ಕೊಂದು ಹಿಡಿ, ಕೆಳಗೆ ಚೌಕದ ಬಾಯಿ. ಬೀದಿಯ ನಡುವಿನ ಮುಚ್ಚಳ ಎತ್ತಿ, ಆ ಬಾಯನ್ನು ನೆಲದೊಳಗಿರುವ ವಾಲ್ವಿನ ತಲೆಗೆ ಕೂರಿಸಿ ತಿರುಗಿಸಿದರೆ ಒಂದು ಬೀದಿಗೆ ನೀರು ಬಂತು ಎಂದೇ ಲೆಕ್ಕ. ಅವನ ಅಪ್ಪನೂ ಅದೇ ಕೀಲಿ ಹಿಡಿದವನು. ಇಬ್ಬರ ಅಂಗೈ ಉಜ್ಜಿ ಉಜ್ಜಿ ಹಿಡಿಯ ಎರಡು ತುದಿಯೂ ಕನ್ನಡಿಯಾಗಿದ್ದವು. ಹೆತ್ತವರು ಇಟ್ಟ ಹೆಸರು ನೀರಿನ ಕಚೇರಿಯ ಪುಸ್ತಕದಲ್ಲಿ ಮಾತ್ರ ಉಳಿದು, ಮೂರು ಬೀದಿಯವರ ಬಾಯಲ್ಲಿ ಅವನು ನೀರಪ್ಪನಾಗಿದ್ದ.

ಕೀಲಿ ಕೈಗೆ ಕೊಡುವ ದಿನ ಅಪ್ಪ ಎರಡು ಮಾತು ಹೇಳಿದ್ದ. ಒಂದು: "ತಿರುವು ಎಣಿಸಬೇಡ ಮಗಾ, ಎಣಿಸೋಕೆ ಹೋದ್ರೆ ಆತುರ ಬರುತ್ತೆ. ತಿರುವಿಗೊಂದು ಸಲ ದೇವರ ಹೆಸರು ಹೇಳು. ಅಂಕೀನ ಓಡಿಸಬಹುದು, ಹೆಸರನ್ನ ಓಡಿಸೋಕಾಗಲ್ಲ." ಇನ್ನೊಂದು: "ಹರಿಯೋ ನೀರನ್ನ ಒಂದೇ ಏಟಿಗೆ ನಿಲ್ಲಿಸಬೇಡ. ಅದಕ್ಕೆ ಸಿಟ್ಟು ಬಂದು ವಾಪಸ್ ಗುದ್ದುತ್ತೆ, ಪೈಪು ಒಡೀತದೆ. ಒಂದೊಂದೇ ತಿರುವು ಮುಚ್ಚಿದ್ರೆ ನೀರಿಗೆ ತಾನು ನಿಂತಿದ್ದೇ ಗೊತ್ತಾಗಲ್ಲ."

ಮೊದಲ ಬೀದಿಗೆ ಹದಿನೆಂಟು ಹೆಸರು, ಎರಡನೆಯದಕ್ಕೆ ಇಪ್ಪತ್ತನಾಲ್ಕು. ಈ ಎರಡನ್ನೂ ಮೇಲೆ ನಿಂತೇ ತಿರುಗಿಸಬಹುದು. ಮೂರನೆಯ ಬೀದಿಯದು ಹಳೆಯ ವಾಲ್ವು. ಅದರ ಕಂಬಿ ಸೊಟ್ಟ, ಮೇಲಿನಿಂದ ಕೀಲಿ ಕೂರದು. ಗುಂಡಿಗೆ ಇಳಿದು, ಮೊಣಕಾಲವರೆಗಿನ ಕೊಚ್ಚೆಯಲ್ಲಿ ನಿಂತು, ಗಿಡ್ಡ ಕೀಲಿಯಿಂದ ತಿರುಗಿಸಬೇಕು. ಅದಕ್ಕೆ ಮೂವತ್ತೆರಡು ಹೆಸರು. ಗುಂಡಿಯ ಬಾಯಿ ಒಬ್ಬ ಮನುಷ್ಯನ ಭುಜದಷ್ಟೇ ಅಗಲ, ಗೋಡೆ ತುಂಬ ಪಾಚಿ. ಹಾಗಾಗಿ ಇಳಿಯುವ ಮೊದಲು ಅಂಗಿ ಬಿಚ್ಚಿ ಬೀದಿಯ ತಡೆಗಂಬಿಗೆ ನೇತುಹಾಕುವುದು ಅಪ್ಪನ ಕಾಲದಿಂದ ಬಂದ ರೂಢಿ. ಗುಂಡಿಗೆ ಅಂಟಿಕೊಂಡಂತೆ ಕಣ್ಣು ಮಂಜಾದ ಒಬ್ಬ ಅಜ್ಜಿಯ ಮನೆ; ಬೀದಿಯ ನೀರು ಮೊದಲು ಅವಳ ನಲ್ಲಿಗೆ. ಬೀದಿಯ ಕಟ್ಟಕಡೆಯ ಮನೆ ನೀರಪ್ಪನದೇ. "ಊರಿಗೆಲ್ಲ ನೀರು ಬಿಡೋ ಗಂಡನ್ನ ಕಟ್ಕೊಂಡು ಊರಿಗೆಲ್ಲ ಆದ್ಮೇಲೆ ಕೊಡ ತುಂಬಿಸ್ತೀನಿ ನೋಡಿ," ಎಂದು ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ನಗುತ್ತಿದ್ದಳು. ಕೊನೆಯ ಎರಡು ತಿರುವು ಬಿದ್ದರೆ ಮಾತ್ರ ಅವರ ಮನೆಯ ನಲ್ಲಿಗೆ ರಭಸ ಬರುತ್ತಿತ್ತು.

ಇಂಥ ಮನುಷ್ಯನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಎದೆನೋವು ಬಂತು. ಬಂದದ್ದು ಗುಂಡಿ ಇಳಿಯುವಾಗಲ್ಲ, ಮುಚ್ಚಳ ಎತ್ತುವಾಗಲ್ಲ. ಬೆಳಕು ಹರಿಯುವ ಮುಂಚೆ, ಎದ್ದು ಹಾಸಿಗೆಯ ಅಂಚಿಗೆ ಸುಮ್ಮನೆ ಕೂತಿದ್ದಾಗ. ಒದ್ದೆ ಬಟ್ಟೆ ಹಿಂಡುವ ಹಾಗೆ ಯಾರೋ ಎದೆಯನ್ನು ಎರಡು ಕೈಯಲ್ಲಿ ಹಿಡಿದು ಹಿಂಡಿದರು. ಹತ್ತು ನಿಮಿಷಕ್ಕೆ ತಾನೇ ಬಿಟ್ಟಿತು. ಅವನು ಎದ್ದು ಹೋಗಿ ಮೂರೂ ಬೀದಿಗೆ ನೀರು ಬಿಟ್ಟು ಬಂದ, ಏನೂ ಆಗಲಿಲ್ಲ. ಮತ್ತೆ ನಾಲ್ಕು ದಿನಕ್ಕೆ, ಅದೇ ಹೊತ್ತಿಗೆ, ಅದೇ ಹಿಂಡು.

ಆಸ್ಪತ್ರೆಯಲ್ಲಿ ಓಡುವ ಪಟ್ಟಿಯ ಮೇಲೆ ಓಡಿಸಿದರು. ಓಡಿದ. ರಕ್ತನಾಳಕ್ಕೆ ಬಣ್ಣ ಬಿಟ್ಟು ಚಿತ್ರ ತೆಗೆದರು. ತೊಳೆದಿಟ್ಟ ಹಾಗಿತ್ತು. "ಗ್ಯಾಸು," ಎಂದರು ಒಬ್ಬರು. "ಮನಸ್ಸಿಗೆ ಏನಾದ್ರೂ ಹಚ್ಕೊಂಡಿದೀರಾ?" ಎಂದರು ಇನ್ನೊಬ್ಬರು. ಕೊನೆಗೆ ಒಬ್ಬ ಡಾಕ್ಟರಮ್ಮ, ತಲೆ ಅರ್ಧ ನರೆತವರು, ಎದೆಗೆ ಪುಟ್ಟ ಯಂತ್ರವೊಂದನ್ನು ಅಂಟಿಸಿ ಮನೆಗೆ ಕಳಿಸಿದರು. ಮೂರನೆಯ ದಿನ ಮುಂಜಾವದಲ್ಲಿ ಕಳ್ಳ ಸಿಕ್ಕಿಬಿದ್ದ.

"ನೋಡಿ," ಎಂದರು ಡಾಕ್ಟರಮ್ಮ, ಯಂತ್ರ ಗೀಚಿದ ಗೆರೆಗಳ ಮೇಲೆ ಬೆರಳಿಟ್ಟು. "ನಿಮ್ಮ ಹೃದಯದ ಪೈಪಲ್ಲಿ ಕಸ ಇಲ್ಲ. ಆದ್ರೆ ಆ ಪೈಪು ಆಗಾಗ ತಾನೇ ಸೆಟೆದು ಮುಚ್ಕೊಳ್ಳುತ್ತೆ."

ನೀರಪ್ಪನಿಗೆ ನಗು ಬಂತು. "ಡಾಕ್ಟ್ರಮ್ಮ, ಮೂವತ್ತು ವರ್ಷದಿಂದ ಪೈಪಿನ ಜೊತೆ ಸಂಸಾರ ಮಾಡಿದೀನಿ. ಕಟ್ಕೊಂಡಿದ್ದು ನೋಡಿದೀನಿ, ಒಡೆದಿದ್ದು ನೋಡಿದೀನಿ. ತಾನೇ ಮುಷ್ಟಿ ಕಟ್ಟೋ ಪೈಪು ನೋಡಿಲ್ಲ."

"ನಿಮ್ಮದು ಕಬ್ಬಿಣದ್ದು. ಇದು ಮಾಂಸದ್ದು. ಇದಕ್ಕೆ ಮನಸ್ಸು ಬಂದ ಹಾಗೆ." ಅವರೂ ನಕ್ಕರು. "ರಾತ್ರಿ ಮಲಗೋಕೆ ಮುಂಚೆ ಒಂದು ಮಾತ್ರೆ. ಮುಷ್ಟಿ ಬಿಗಿಯಾಗದ ಹಾಗೆ ನೋಡ್ಕೊಳ್ಳುತ್ತೆ. ನೋವು ಬಂದೇಬಿಟ್ರೆ ಈ ಶೀಶೆಯಲ್ಲಿರೋದನ್ನ ನಾಲಿಗೆ ಕೆಳಗೆ ಇಟ್ಕೊಂಡು ಕೂತ್ಕೊಳ್ಳಿ. ಸಿಗರೇಟು ಇವತ್ತಿಗೇ ಬಿಡಿ. ಚಳಿಗೆ ಮೈ ಒಡ್ಡಬೇಡಿ."

"ಎಷ್ಟು ದಿನ?"

"ದಿನ ಅಲ್ಲ. ಇರೋವರೆಗೂ."

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಅಲ್ಲೇ ನಿಂತ. ಡಾಕ್ಟರಮ್ಮ ಜೊತೆಗೆ ಬಂದಿದ್ದ ಅವನ ಹೆಂಡತಿಯ ಕಡೆ ತಿರುಗಿ, "ಒಂದು ನೆನಪಿರಲಿ, ಈ ಮಾತ್ರೇನ ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದ್ರೆ ಮೊದಲಿಗಿಂತ ಜೋರಾಗಿ ತಿರುಗಿ ಬೀಳುತ್ತೆ," ಎಂದರು. ಹೆಂಡತಿ ತಲೆಯಾಡಿಸಿದಳು. ನೀರಪ್ಪ ಅದನ್ನು ಕೇಳಿಸಿಕೊಂಡ. ಕೇಳಿಸಿಕೊಂಡದ್ದು ಹೇಗೆ ಎಂಬಲ್ಲೇ ಮುಂದಿನದೆಲ್ಲ ಇದೆ.

*

ಮಾತ್ರೆ ಕೆಲಸ ಮಾಡಿತು. ಎರಡು ವಾರದಲ್ಲಿ ಮುಂಜಾವದ ಹಿಂಡು ನಿಂತಿತು. ಆದರೆ ನೀರಿನ ಕಚೇರಿಯಲ್ಲೊಂದು ನಿಯಮವಿತ್ತು: ಹೃದಯಕ್ಕೆ ಮಾತ್ರೆ ನುಂಗುವವರು ಗುಂಡಿ ಇಳಿಯಕೂಡದು. ಕಚೇರಿಯ ಮೇಸ್ತ್ರಿ ನೀರಪ್ಪನ ಜೊತೆಗೇ ಕೆಲಸಕ್ಕೆ ಸೇರಿದವನು, ಒಂದೇ ಡಬ್ಬಿಯಲ್ಲಿ ಉಂಡವನು. ಕೀಲಿ ಇಸಕೊಳ್ಳುವಾಗ ಅವನು ಮುಖ ನೋಡದೆ, "ನನ್ನ ಬೈಬೇಡ ಮಾರಾಯ. ಗೋಡೆ ಮೇಲೆ ಬರೆದಿರೋದನ್ನ ನಾನು ಅಳಿಸೋಕಾಗುತ್ತಾ?" ಎಂದ.

"ಅದೇ ಗೋಡೆ ಮೇಲೆ, ಗುಂಡಿ ಇಳಿದ್ರೆ ಮೇಲೊಬ್ಬ ಕಾವಲಿರಬೇಕು ಅಂತಾನೂ ಬರ್ದಿದೆ. ಮೂವತ್ತು ವರ್ಷದಲ್ಲಿ ಯಾವನಿದ್ದ ಮೇಲೆ?"

"ದೇವರಿದ್ದ ಕಣೋ," ಎಂದು ಮೇಸ್ತ್ರಿ ಕೀಲಿಯನ್ನು ಮೂಲೆಗೆ ಒರಗಿಸಿದ.

ನೀರಪ್ಪನನ್ನು ದೂರು ಕೋಣೆಗೆ ಹಾಕಿದರು. ಅದು ಮೆಟ್ಟಿಲ ಕೆಳಗಿನ ಕೋಣೆ. ತಾರಸಿ ಓರೆಯಾಗಿ ಇಳಿದಿತ್ತು. ಕುರ್ಚಿಯಿಂದ ಸಟ್ಟನೆ ಎದ್ದರೆ ತಲೆಗೆ ಬುಗುಟು. ಕಿಟಕಿಯಿಲ್ಲ. ಎದುರಿಗೆ ಗಾಜು, ಗಾಜಿನಲ್ಲಿ ಅಂಗೈ ತೂರುವಷ್ಟು ತೂತು. ದಿನವೆಲ್ಲ ತಲೆಯ ಮೇಲೆ ಹತ್ತುವವರ, ಇಳಿಯುವವರ ಹೆಜ್ಜೆ. ತೂತಿನಿಂದ ಒಳಬರುವ ಮಾತು ಒಂದೇ: ನೀರು ಬಂದಿಲ್ಲ. ಒಬ್ಬಾತ ಮಾತ್ರ, "ನನಗೆ ನೀರು ಚೆನ್ನಾಗಿ ಬರ್ತಿದೆ. ಪಕ್ಕದ ಮನೆಯವನಿಗೂ ಅಷ್ಟೇ ಬರ್ತಿದೆ, ಅದೇ ನನ್ನ ದೂರು," ಎಂದು ಬರೆಸಿ ಹೋದ. ಅದನ್ನು ಹೇಳಲು ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ, "ಶೀಶೆ ಇದೆಯಾ ಜೇಬಲ್ಲಿ?" ಎನ್ನುತ್ತಿದ್ದಳು. ನಗು ನಾಲಿಗೆಯ ಮೇಲೇ ಆರಿಹೋಗುತ್ತಿತ್ತು.

ಅವಳದು ತಪ್ಪೆನ್ನಲಾಗದು. ಅವನ ಎಂಟು ಅಂಗಿಗೂ ಎಡಗಡೆ ಒಳಮೈಗೆ ಪುಟ್ಟ ಜೇಬು ಹೊಲಿದಿದ್ದಳು, ಶೀಶೆ ಜಾರದಂತೆ ಮೇಲೊಂದು ಮಡಿಕೆ, ಮಡಿಕೆಗೊಂದು ಗುಂಡಿ. ನೀರು ಬಿಸಿ ಮಾಡಿಯೇ ಕೈಗೆ ಹೊಯ್ಯುತ್ತಿದ್ದಳು. ಮುಂಜಾವಕ್ಕೆ ಅವನಿಗಿಂತ ಮೊದಲೇ ಎಚ್ಚೆತ್ತು, ಅವನ ಎದೆಯ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದಳು. ಹಗುರವಾದ ಅಂಗೈ. ಆದರೆ ಅದರ ಕೆಳಗೆ ಅವನು ಮಗ್ಗುಲು ಬದಲಿಸುವ ಹಾಗಿರಲಿಲ್ಲ. ಎಚ್ಚರವಿದ್ದೂ ಕಣ್ಣು ಮುಚ್ಚಿ, ದೂರದಲ್ಲಿ ಬೇರೆ ಯಾರೋ ತನ್ನ ಗುಂಡಿಯ ಮುಚ್ಚಳ ಎಳೆಯುವ ಸದ್ದು ಕೇಳುತ್ತ ಮಲಗಿರುತ್ತಿದ್ದ. ಸಂಜೆಗೆ ಕಾಲು ಊದುತ್ತಿತ್ತು, ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತುತ್ತಿತ್ತು. ಮಾತ್ರೆಯ ಗುಣವೇ ಅದು, ಹೆದರಬೇಡಿ ಎಂದಿದ್ದರು ಡಾಕ್ಟರಮ್ಮ. ಅವನು ಹೆದರಿರಲಿಲ್ಲ. ಹೆದರಿಕೆಗಾದರೂ ಓಡಲು ಜಾಗ ಬೇಕು. ರಾತ್ರಿಗೊಂದು ಮಾತ್ರೆ, ಹಗಲಿಗೊಂದು ಕೋಣೆ, ಮುಂಜಾವಕ್ಕೊಂದು ಅಂಗೈ. ಬದುಕು ಇಷ್ಟೇ ಅಗಲಕ್ಕೆ ಬಂದು ನಿಂತಿತ್ತು.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ಮಧ್ಯಾಹ್ನ ಮೇಸ್ತ್ರಿ ತೂತಿನಲ್ಲಿ ಮುಖವಿಟ್ಟು ಹೇಳಿದ: "ಹೊಸ ಸುತ್ತೋಲೆ ಬಂದಿದೆ. ಮೂರು ತಿಂಗಳು ಮಾತ್ರೆ ಇಲ್ಲದೆ, ನೋವಿಲ್ಲದೆ ಇದ್ದವರು ಕಚೇರಿ ಡಾಕ್ಟ್ರ ಹತ್ರ ಪರೀಕ್ಷೆ ಮಾಡಿಸ್ಕೊಂಡ್ರೆ ಕೀಲಿ ವಾಪಸ್ ಕೊಡಬಹುದಂತೆ. ನಿನಗಲ್ಲ ಬಿಡು, ನಿಂದು ಇರೋವರೆಗಿನ ಮಾತ್ರೆ. ಸುಮ್ನೆ ಹೇಳ್ದೆ."

ಸುಮ್ಮನೆ ಹೇಳಿದ ಮಾತು ಮನುಷ್ಯನ ಕಿವಿಯಲ್ಲಿ ಸುಮ್ಮನೆ ಕೂರುವುದಿಲ್ಲ. ಆ ರಾತ್ರಿ ನೀರಪ್ಪ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಡಾಕ್ಟರಮ್ಮ ಏನೆಂದಿದ್ದರು? ಒಮ್ಮೆಲೇ ನಿಲ್ಲಿಸಬಾರದು, ನಿಲ್ಲಿಸಿದರೆ ತಿರುಗಿ ಬೀಳುತ್ತದೆ. ಅರೆ, ಇದು ಅಪ್ಪನ ಮಾತೇ ಅಲ್ಲವೇ! ಒಂದೇ ಏಟಿಗೆ ಮುಚ್ಚಿದರೆ ನೀರು ವಾಪಸ್ ಗುದ್ದುತ್ತದೆ. ಒಂದೊಂದೇ ತಿರುವು ಮುಚ್ಚಿದರೆ? ಮುಚ್ಚುವುದು ಹೇಗೆಂದು ಈ ಊರಿನಲ್ಲಿ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡಾಕ್ಟರಮ್ಮನಿಗೆ ಹೃದಯ ಗೊತ್ತಿರಬಹುದು, ಪೈಪು ಗೊತ್ತಿಲ್ಲ. ಅವನಿಗೆ ಇದು ಮೋಸವೆನಿಸಲಿಲ್ಲ. ಕಸುಬು ಎನಿಸಿತು.

"ಇನ್ಮೇಲೆ ಮಾತ್ರೆ ನಾನೇ ತಗೋತೀನಿ ಕಣೆ," ಎಂದ ಹೆಂಡತಿಗೆ. "ನೀನು ಹೊಲಿಗೆ ಬಿಟ್ಟು ಎದ್ದು ಬರೋದೇನು, ನಾನೇನು ಕೂಸಾ?"

"ಅಂತೂ ಬುದ್ಧಿ ಬಂತಲ್ಲ," ಎಂದಳು ಅವಳು ಸೂಜಿಗೆ ದಾರ ಪೋಣಿಸುತ್ತ. ಅವಳಿಗೆ ನಿಜಕ್ಕೂ ಹಿಗ್ಗಾಗಿತ್ತು. ತಗಡಿನ ಹಾಳೆಯಲ್ಲಿ ಮಾತ್ರೆ ಕಡಿಮೆಯಾಗುತ್ತಿದೆಯೇ ಎಂದು ಮಾತ್ರ ದಿನಾ ನೋಡುತ್ತಿದ್ದಳು.

ಹಾಳೆಯಲ್ಲಿ ಕಡಿಮೆಯಾಗುತ್ತಲೇ ಇತ್ತು. ಬಚ್ಚಲಲ್ಲಿ ನೀರಪ್ಪ ಅವಳ ದಾರ ಕತ್ತರಿಸುವ ಬ್ಲೇಡಿನಿಂದ ಮಾತ್ರೆಯ ಅಂಚು ಕೆರೆಯುತ್ತಿದ್ದ. ಮೊದಲ ವಾರ ಉಗುರಿನ ಕೊನೆಯಷ್ಟು. ಒಂದು ಹೆಸರು, ಒಂದು ತಿರುವು. ನೋವು ಬರಲಿಲ್ಲ. ಎರಡನೆಯ ವಾರ ಇನ್ನೊಂದು ತಿರುವು. ಕೆರೆದ ಪುಡಿ ಬಚ್ಚಲ ತೂತಿನಲ್ಲಿ ಹರಿದುಹೋಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಅರ್ಧ, ಎರಡು ತಿಂಗಳಿಗೆ ಕಾಲು, ಆಮೇಲೆ ಒಂದು ದಿನ ಏನೂ ಇಲ್ಲ. ಆದರೂ ಹಾಳೆಯಿಂದ ದಿನಕ್ಕೊಂದು ತೆಗೆದು ಬಚ್ಚಲಿಗೆ ಹಾಕುವುದನ್ನು ಬಿಡಲಿಲ್ಲ. ನೀರಿಗೆ ತಾನು ನಿಂತಿದ್ದೇ ಗೊತ್ತಾಗಿಲ್ಲ ಎಂದುಕೊಂಡ. ನಡುವೆ ಕೆಲವು ರಾತ್ರಿ, ಅರೆ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ, ಮುಖ ಬಿಸಿಯೇರಿ ತಲೆ ಗಿರ್ರೆಂದದ್ದುಂಟು. ದಿನವೆಲ್ಲ ದೂರು ಕೋಣೆಯಲ್ಲಿ ಕೂತ ಉಸಿರುಗಟ್ಟು ಅದು, ಎಂದು ತಳ್ಳಿಹಾಕಿದ.

ಕಾಲಿನ ಊತ ಇಳಿಯಿತು. ಅದನ್ನು ಮೊದಲು ಕಂಡವಳು ಹೆಂಡತಿ. ಒಂದು ಸಂಜೆ ಅವನ ಪಾದವನ್ನು ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಗುಳಿ ಬೀಳಲಿಲ್ಲ. "ನೋಡ್ರೀ, ನಿಮ್ಮ ಹಳೇ ಕಾಲು ವಾಪಸ್ ಬಂತು," ಎಂದವಳು ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದಳು. ಅವಳ ತುಟಿ ಅಲುಗುವುದನ್ನು ನೀರಪ್ಪ ನೋಡಿದ. ಎದೆಯಲ್ಲಿ ಏನೋ ಚುಚ್ಚಿತು, ಆದರೆ ಅದು ಆ ನೋವಲ್ಲ. ಹೇಳಿಬಿಡಲೇ ಎಂದು ಬಾಯಿ ತೆರೆದ. ಹೇಳಿದರೆ ಕೀಲಿ ಹೋಯಿತು. ಬಾಯಿ ಮುಚ್ಚಿದ.

*

ಮಾತ್ರೆಯಿಲ್ಲದೆ ಮೂರು ತಿಂಗಳು ಕಳೆದ ಮೇಲೆ ಕಚೇರಿಯ ಡಾಕ್ಟರು ಓಡುವ ಪಟ್ಟಿಯ ಮೇಲೆ ಓಡಿಸಿದರು. ಮೇಸ್ತ್ರಿ ಬಾಗಿಲಲ್ಲಿ ನಿಂತು, "ಸಾಕು ನಿಲ್ಸಿ ಸಾರ್, ಇವನು ಹೀಗೇ ಓಡಿದ್ರೆ ಊರು ಬಿಟ್ಟು ಹೋಗ್ತಾನೆ," ಎಂದ. ಗೆರೆಗಳೆಲ್ಲ ಸರಿಯಾಗಿದ್ದವು. ಓಡುವಾಗ ಆ ಹೃದಯ ಯಾವತ್ತೂ ತಕರಾರು ಮಾಡಿದ್ದಲ್ಲವಲ್ಲ.

"ಮಾತ್ರೆ ಏನಾದ್ರೂ?" ಎಂದರು ಡಾಕ್ಟರು ಬರೆಯುತ್ತ.

"ಇಲ್ಲ." ಅದು ಸುಳ್ಳಲ್ಲ. ಅದೇ ಅವನಿಗೆ ವಿಚಿತ್ರವೆನಿಸಿತು.

ಸುಳ್ಳು ಹೇಳಿದ್ದು ಮನೆಯಲ್ಲಿ. "ಕೀಲಿ ಕೊಟ್ರು," ಎಂದ.

"ಮಾತ್ರೆ ತಗೋತಿದ್ರೂನಾ?"

"ತಗೋತಿದ್ರೂ. ನಿಯಮ ಬದಲಾಯ್ತು."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಎದ್ದು ಹೋಗಿ ಮಾರನೆಯ ದಿನದ ಅಂಗಿ ತಂದು, ಒಳಜೇಬಿಗೆ ಶೀಶೆ ಹಾಕಿ, ಗುಂಡಿ ಭದ್ರ ಮಾಡಿ, ಗೋಡೆಯ ಮೊಳೆಗೆ ನೇತುಹಾಕಿದಳು.

ಮುಂಜಾವ ಚಳಿಯಿತ್ತು. ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ಹೆಗಲ ಮೇಲೆ ಕೀಲಿಯ ಭಾರ ಬಿದ್ದದ್ದೇ ನೀರಪ್ಪನ ಬೆನ್ನು ಹತ್ತು ವರ್ಷ ಹಿಂದಕ್ಕೆ ಹೋಯಿತು. ಮೊದಲ ಬೀದಿ, ಹದಿನೆಂಟು ಹೆಸರು. ಎರಡನೆಯ ಬೀದಿ, ಇಪ್ಪತ್ತನಾಲ್ಕು. ಬೀದಿದೀಪದ ಕೆಳಗೆ ನಾಯಿಯೊಂದು ಅವನನ್ನು ನೋಡಿ ಬೊಗಳದೆ ಬಾಲ ಅಲ್ಲಾಡಿಸಿತು. ಕಣ್ಣಲ್ಲಿ ನೀರು ಬಂತು. ಚಳಿಗೆ ಎಂದುಕೊಂಡ.

ಮೂರನೆಯ ಬೀದಿಯಲ್ಲಿ ಮುಚ್ಚಳ ಎಳೆದ. ಅಂಗಿ ಬಿಚ್ಚಿ ತಡೆಗಂಬಿಗೆ ಹಾಕಿದ. ಮೂವತ್ತು ವರ್ಷ ಮಾಡಿದ ಕೆಲಸ. ಕೈ ತಾನೇ ಮಾಡಿತು, ತಲೆಯನ್ನು ಕೇಳಲಿಲ್ಲ. ಹನ್ನೊಂದು ಮೆಟ್ಟಿಲು ಇಳಿದ. ಕೊಚ್ಚೆ ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಗಿಡ್ಡ ಕೀಲಿ ಕೂರಿಸಿ ಶುರುಮಾಡಿದ. ಮೇಲೆ ಅಜ್ಜಿಯ ಮನೆಯ ನಲ್ಲಿ ಕೆಮ್ಮುವುದು ನೆಲದ ಮೂಲಕ ಕೇಳಿಸಿತು, ಅದರ ಹಿಂದೆಯೇ ಅವಳ ದನಿ: "ಓಹೋ, ಯಜಮಾನ್ರು ವಾಪಸ್ ಬಂದ್ರು! ಇಷ್ಟು ನಿಧಾನಕ್ಕೆ ತೆರೆಯೋನು ಇನ್ನೊಬ್ಬನಿಲ್ಲ."

ಅವನು ನಕ್ಕ. ಹದಿನಾಲ್ಕನೆಯ ಹೆಸರು ಹೇಳುತ್ತಿದ್ದಾಗ ಎದೆಯೊಳಗೆ ಆ ಎರಡು ಕೈಗಳು ಬಂದವು.

ಮೊದಲಿನ ಹಾಗಲ್ಲ. ಈ ಸಲ ಅವು ಹಿಂಡಲಿಲ್ಲ, ಮುಚ್ಚಿದವು. ಎಡಗೈ ಭುಜದಿಂದ ಕಿರುಬೆರಳವರೆಗೆ ಸತ್ತಂತಾಯಿತು. ಬಾಯಿ ತೆರೆದರೆ ಗಾಳಿ ಒಳಗೆ ಬಂತು, ದನಿ ಹೊರಗೆ ಹೋಗಲಿಲ್ಲ. ಬಲಗೈ ಎದೆಯ ಎಡಕ್ಕೆ ಹೋಯಿತು, ಜೇಬಿಗೆ. ಅಲ್ಲಿ ಒದ್ದೆ ಚರ್ಮವಿತ್ತು. ಜೇಬು ಮೇಲಿತ್ತು, ತಡೆಗಂಬಿಯ ಮೇಲೆ, ಹನ್ನೊಂದು ಮೆಟ್ಟಿಲ ಆಚೆ, ಅವಳು ಭದ್ರ ಮಾಡಿದ ಗುಂಡಿಯ ಹಿಂದೆ.

ಒಂದು ಮೆಟ್ಟಿಲಿಗೆ ಕೈ ಹಾಕಿದ. ಬೆರಳು ಹಿಡಿಯಲಿಲ್ಲ. ಬೆನ್ನು ಪಾಚಿಯ ಗೋಡೆಗೆ ಜಾರಿತು. ಕೂರುವಷ್ಟು ಜಾಗವಿಲ್ಲದ ಕಡೆ ಅವನು ಮಡಿಚಿಕೊಂಡು ನಿಂತ, ಗೋಡೆಯೇ ಹಿಡಿದುಕೊಂಡಿತ್ತು. ಮೇಲೆ ನೋಡಿದರೆ ದುಂಡನೆಯ ಬಾಯಿ, ಅದರಲ್ಲಿ ತಟ್ಟೆಯಷ್ಟು ಬೂದು ಆಕಾಶ. ಇಷ್ಟಕ್ಕೇ, ಈ ಗುಂಡಿಗೆ ವಾಪಸ್ ಬರಲಿಕ್ಕೇ, ತಿಂಗಳುಗಟ್ಟಲೆ ಬಚ್ಚಲಲ್ಲಿ ಕೂತು ಕೆರೆದೆನಲ್ಲ, ಅನ್ನಿಸಿತು. ಯಾರಾದರೂ ತಳ್ಳಿದ್ದರೆ ಅವರನ್ನು ಬೈಯಬಹುದಿತ್ತು. ಹದಿನೈದನೆಯ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಮೇಲೆ ಅಜ್ಜಿ ನಲ್ಲಿಯ ಬುಡದಲ್ಲಿ ಕೊಡ ಇಟ್ಟು ಕಾದಿದ್ದಳು. ಅವಳಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಆದರೆ ನೀರಪ್ಪನ ನೀರು ಹೇಗೆ ಬರುತ್ತದೆಂದು ಅವಳ ಕಿವಿಗೆ ಬಾಯಿಪಾಠ. ನಲ್ಲಿ ಮೂರು ಸಲ ಕೆಮ್ಮಬೇಕು, ಒಂದು ಸಲ ಉಗುಳಬೇಕು, ದಾರದಂತೆ ಇಳಿಯಬೇಕು, ಆಮೇಲೆ ದಾರ ದಪ್ಪವಾಗುತ್ತ ಹೋಗಬೇಕು. ಇವತ್ತು ದಾರ ದಾರವಾಗಿಯೇ ಉಳಿಯಿತು. ನೂರೆಣಿಸುವಷ್ಟು ಹೊತ್ತು ಕಾದಳು. ನೀರು ನಿಂತಿದ್ದರೆ ಪೈಪಿಗೆ ಏನೋ ಆಯಿತು ಎನ್ನಬಹುದಿತ್ತು. ಇದು ನಿಂತಿಲ್ಲ, ಹೆಚ್ಚುತ್ತಲೂ ಇಲ್ಲ. ಅಂದರೆ ಕೈಗೆ ಏನೋ ಆಗಿದೆ.

ಅವಳ ಕೋಲು ಕಲ್ಲಿಗೆ ಟಕ್ ಟಕ್ ಎನ್ನುತ್ತ ಬಂತು. ತಟ್ಟೆಯಷ್ಟು ಆಕಾಶದಲ್ಲಿ ಒಂದು ತಲೆ ಕಪ್ಪಗೆ ಕಂಡಿತು.

"ಯಾಕೋ ಮಗಾ, ಅರ್ಧಕ್ಕೇ ನಿಲ್ಲಿಸ್ದೆ? ಮಾತಾಡೋ. ನನ್ನ ಜೊತೆ ಆಟ ಆಡ್ಬೇಡ, ನಿನ್ನ ಅಪ್ಪನಿಗೂ ಬೈದಿರೋಳು ನಾನು."

ಅವನು ಇದ್ದಬದ್ದ ಉಸಿರನ್ನೆಲ್ಲ ಒಂದೇ ಮಾತಿಗೆ ಹಾಕಿದ. "ಅಂಗಿ."

ಅಜ್ಜಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅಂಗಿ ಎಲ್ಲಿರುತ್ತದೆಂದು ಅವಳಿಗೆ ಗೊತ್ತು. ಅಪ್ಪನದೂ ಅಲ್ಲೇ ಇರುತ್ತಿತ್ತು. ಕೋಲು ತಡೆಗಂಬಿಗೆ ತಗುಲಿ ಠಣ್ಣೆಂದಿತು. ಅಂಗಿ ಹಕ್ಕಿಯಂತೆ ತೋಳು ಬಿಚ್ಚಿಕೊಂಡು ಗುಂಡಿಯೊಳಗೆ ಇಳಿದು ಅವನ ಮುಖದ ಮೇಲೆ ಬಿತ್ತು. ಹೆಂಡತಿಯ ಗಂಜಿ ಹಾಕಿದ ಬಟ್ಟೆಯ ವಾಸನೆ. ಒಳಜೇಬು ಸಿಕ್ಕಿತು, ಗುಂಡಿ ಬಿಚ್ಚಲು ಬೆರಳು ಬರಲಿಲ್ಲ. ಭದ್ರವಾಗಿ ಹೊಲಿದಿದ್ದಳು ಪುಣ್ಯಾತ್ಗಿತ್ತಿ. ಹಲ್ಲಿನಿಂದ ದಾರ ಕಡಿದ. ಶೀಶೆಯ ಬಿರಡೆಯನ್ನೂ ಹಲ್ಲಿನಿಂದಲೇ ತೆಗೆದ. ನಾಲ್ಕಾರು ಮಾತ್ರೆ ಕೊಚ್ಚೆಗೆ ಬಿದ್ದವು. ಒಂದು ನಾಲಿಗೆಯ ಕೆಳಗೆ ಉಳಿಯಿತು.

ಮೇಲೆ ಅಜ್ಜಿ ಕೊಡವನ್ನು ಕೋಲಿನಿಂದ ಬಡಿಯುತ್ತ ಬೀದಿಯನ್ನೆಲ್ಲ ಎಬ್ಬಿಸುತ್ತಿದ್ದಳು. ಕೆಳಗೆ ನೀರಪ್ಪ ಕಣ್ಣು ಮುಚ್ಚಿದ್ದ. ಎದೆಯೊಳಗಿನ ಮುಷ್ಟಿ ಸಡಿಲವಾಗುತ್ತಿತ್ತು. ಒಮ್ಮೆಲೇ ಅಲ್ಲ. ಕಾಣದ ಕೈಯೊಂದು ಮೇಲಿನಿಂದ ಕೀಲಿ ಇಳಿಬಿಟ್ಟು, ತಿರುವು ತಿರುವಾಗಿ ಬಿಚ್ಚುವ ಹಾಗೆ.

*

"ಕೆರೆದ್ರಾ?" ಡಾಕ್ಟರಮ್ಮ ನಂಬಲಿಲ್ಲ. "ಬ್ಲೇಡಲ್ಲಿ?"

"ಒಂದೊಂದೇ ತಿರುವು," ಎಂದ ನೀರಪ್ಪ ಆಸ್ಪತ್ರೆಯ ಮಂಚದ ಮೇಲಿಂದ. "ಒಮ್ಮೆಲೇ ನಿಲ್ಲಿಸ್ಬಾರದು ಅಂದಿದ್ರಲ್ಲ."

ಅವರು ಕುರ್ಚಿ ಎಳೆದುಕೊಂಡು ಕೂತರು. ಬೈಯಲು ಬಂದವರು ಬೈಯಲಿಲ್ಲ. "ಕೇಳಿ. ಈ ಮಾತ್ರೆ ಒಂದು ಟ್ಯಾಂಕು ಇದ್ದ ಹಾಗೆ. ರಾತ್ರಿ ಇಡೀ ಹನಿಹನಿಯಾಗಿ ಬಿಡುತ್ತೆ, ಮುಂಜಾವದವರೆಗೂ ಬರಲಿ ಅಂತ. ನೀವು ಟ್ಯಾಂಕಿನ ಗೋಡೇನೇ ಕೆರೆದು ತೂತು ಮಾಡಿದ್ರಿ. ಮಲಗೋ ಹೊತ್ತಿಗೇ ಎಲ್ಲಾ ಹರಿದುಹೋಯ್ತು, ಮುಂಜಾವಕ್ಕೆ ನಲ್ಲಿ ಒಣಗಿತ್ತು. ಆಮೇಲೆ ಟ್ಯಾಂಕೇ ಇಲ್ಲ. ಇಷ್ಟು ದಿನ ನೋವು ಬರದೆ ಇದ್ದದ್ದು ನಿಮ್ಮ ಕೈಗುಣ ಅಲ್ಲ. ಈ ರೋಗ ಹಾಗೇ, ತಿಂಗಳುಗಟ್ಟಲೆ ನಿದ್ದೆ ಮಾಡುತ್ತೆ, ವಾಸಿಯಾಯ್ತು ಅನ್ನಿಸುತ್ತೆ." ಅವನ ಪಾದವನ್ನು ಒತ್ತಿ ನೋಡಿ, "ತಪ್ಪು ನಂದೂ ಇದೆ. ಇಡಿಯಾಗಿ ನುಂಗಿ ಅಂತ ಬಿಡಿಸಿ ಹೇಳ್ಬೇಕಿತ್ತು. ಕಾಲಿನ ಊತಕ್ಕೆ ಬೇರೆ ದಾರಿ ಇತ್ತು, ನನ್ನ ಕೇಳ್ಬಹುದಿತ್ತು. ಆದ್ರೆ ಮುಚ್ಚೋದು ನಿಮ್ಮ ಕೈಯಲ್ಲಿಲ್ಲ. ಇದು ತೆರೆದೇ ಇಡೋ ವಾಲ್ವು," ಎಂದರು.

ಮೇಸ್ತ್ರಿ ಬಾಗಿಲವರೆಗೆ ಬಂದು, "ನನ್ನ ಕೈಯಾರೆ ಕೊಟ್ಟೆನಲ್ಲೋ," ಎಂದವನು, ಒಳಗೆ ಬರದೆ ತಿರುಗಿ ಹೋದ.

ಎಲ್ಲರೂ ಹೋದ ಮೇಲೆ ಹೆಂಡತಿ ಉಳಿದಳು. ಅಂಗಿ ಅವಳ ಮಡಿಲಲ್ಲಿತ್ತು. ಕಡಿದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ದನಿ ಏರಿಸದೆ ಹೇಳಿದಳು: "ನಿಮ್ಮ ಕಾಲಿನ ಊತ ಇಳಿದಾಗ ನಾನು ಯಾವುದಕ್ಕೆ ಕೈ ಮುಗಿದೆ ಗೊತ್ತಾ? ಬಚ್ಚಲಲ್ಲಿ ಹರಿದುಹೋದ ಪುಡಿಗೆ. ದೇವರ ಮುಂದೆ ನನ್ನನ್ನ ಸುಳ್ಳಿ ಮಾಡಿಬಿಟ್ರಲ್ಲ ನೀವು."

ಅವನು ಅಂಗಿಯತ್ತ ಕೈ ಚಾಚಿದ. ಅವಳು ಅದನ್ನು ಕೊಡಲಿಲ್ಲ.

ಕೀಲಿ ಹೊಸಬನ ಪಾಲಾಯಿತು, ಈ ಸಲ ಕಚೇರಿಯ ಪುಸ್ತಕದಲ್ಲೂ. ನೀರಪ್ಪ ಮತ್ತೆ ಮೆಟ್ಟಿಲ ಕೆಳಗಿನ ಕೋಣೆಗೆ ಬಂದ. ಕಾಲು ಮತ್ತೆ ಊದಿತು. ಡಾಕ್ಟರಮ್ಮ ಇನ್ನೊಂದು ಮಾತ್ರೆ ಸೇರಿಸಿ, ಮೊದಲಿನದನ್ನು ತುಸು ತಗ್ಗಿಸಿದ ಮೇಲೆ ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ. ರಾತ್ರಿ ಹೆಂಡತಿ ಮಾತ್ರೆಯನ್ನು ಅಂಗೈಗೆ ಇಡುತ್ತಾಳೆ, ಇಡಿಯಾಗಿ. ಅವನು ನುಂಗಿ, ಕೇಳದಿದ್ದರೂ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಾನೆ. ಅವಳು ಈಗ ನಂಬುವುದಿಲ್ಲ, ನೋಡುತ್ತಾಳೆ. ಅದನ್ನು ಅವನು ಹೊರಬೇಕು.

ದೂರು ಪುಸ್ತಕದಲ್ಲಿ ಒಂದು ದಿನ ಅವನ ಕೈಬರಹದಲ್ಲೇ ಅವನದೇ ದೂರು ಬಿತ್ತು: ಮೂರನೆಯ ಬೀದಿ, ಕೊನೆಯ ಮನೆ, ಎರಡು ತಿರುವು ಕಡಿಮೆ. ಮೇಸ್ತ್ರಿ ಓದಿ, "ಹೇಳ್ತೀನಿ ಮಾರಾಯ, ಅವನು ಎಣಿಸ್ತಾನೆ, ಮೂವತ್ತಕ್ಕೆ ಸಾಕು ಅಂತಾನೆ," ಎಂದ.

ಮುಂಜಾವಕ್ಕೆ ನೀರಪ್ಪನಿಗೆ ಎಚ್ಚರವಾಗುತ್ತದೆ. ಎದೆಯ ಮೇಲೆ ಅಂಗೈ ಇರುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಕೆಲವು ದಿನ ಅದು ಇರಲಿಲ್ಲ. ಆಗ ಅವನಿಗೆ ನಿದ್ದೆ ಬಂದಿರಲಿಲ್ಲ. ಮುಚ್ಚಳ ಎಳೆಯುವ ಸದ್ದು ಕೇಳುತ್ತದೆ. ಅವನು ಮಿಸುಕದೆ, ತುಟಿ ಮಾತ್ರ ಅಲುಗಿಸಿ, ತಿರುವಿಗೊಂದು ಹೆಸರು ಹೇಳುತ್ತ ಹೋಗುತ್ತಾನೆ. ಹೊಸಬನ ಕೈ ಓಡುತ್ತದೆ. ಮೂವತ್ತಕ್ಕೆ ಪೈಪಿನ ಮೂಲಕ ಬರುವ ಸದ್ದು ನಿಲ್ಲುತ್ತದೆ. ಬಚ್ಚಲಲ್ಲಿ ಅವರ ನಲ್ಲಿಯಿಂದ ನೀರು ದಾರದಂತೆ ಇಳಿಯುತ್ತದೆ, ದಪ್ಪವಾಗುವುದಿಲ್ಲ. ಕೊಡ ತುಂಬಲು ಬಹಳ ಹೊತ್ತು ಬೇಕು.

ಆ ಅಂಗೈಯ ಕೆಳಗೆ ಮಲಗಿದ್ದಲ್ಲೇ, ಉಳಿದ ಎರಡು ಹೆಸರನ್ನು ಅವನು ನಿಧಾನವಾಗಿ ಹೇಳಿ ಮುಗಿಸುತ್ತಾನೆ.